ಕಾಯಕದ ಫಲದಲ್ಲಿ ಹೆಣ್ಣು ಗಂಡೆಂಬ ಭೇದವುಂಟೆ?

ಕಾಯಕವೆಂಬ ಮಾತು ಕಾಯದಿಂದ ಹುಟ್ಟಿದುದು. ಕಾಯವನ್ನು ದಂಡಿಸಿ, ಮನವನ್ನು ಶುಚಿಯಾಗಿರಿಸಿಕೊಂಡು ಮಾಡಿದ ದುಡಿಮೆಯೇ ಕಾಯಕ. ಆ ದುಡಿಮೆಯಿಂದ ಬಂದುದನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ದಾಸೋಹ. ಈ ಎರಡು ತತ್ತ್ವಗಳನ್ನು ನಮ್ಮ ಗೃಹಸ್ಥರು ಬಾಲ್ಯದಿಂದಲೂ ಕೇಳುತ್ತ ಬಂದಿರುವರು. ಆದರೆ ಇವೆರಡರ ನಡುವೆ ಮೂರನೆಯದೊಂದು ವಿಷಯ ಉಂಟು. ಅದು ಕಾಯಕಕ್ಕೆ ಸಲ್ಲತಕ್ಕ ಫಲ. ದುಡಿದವರಿಗೆ ಎಷ್ಟು ಸಲ್ಲಬೇಕು? ಅದನ್ನು ಯಾರು ಅಳೆಯಬೇಕು? ಯಾವ ಕೊಳಗದಿಂದ ಅಳೆಯಬೇಕು? ಒಂದೇ ಕಾಯಕವನ್ನು ಗಂಡು ಮಾಡಿದಾಗ ಒಂದು ಕೊಳಗ, ಹೆಣ್ಣು ಮಾಡಿದಾಗ ಮತ್ತೊಂದು ಕೊಳಗ ಹಿಡಿಯುವುದು ಧರ್ಮವೆ? ಈ ಪ್ರಶ್ನೆ ಹೊಲಗದ್ದೆಗಳಲ್ಲಿ ಹಳೆಯದು. ಇಂದು ಅದು ಆಟದ ಬಯಲಿಗೂ ಬಂದು ನಿಂತಿದೆ.

ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಇಟ್ಟಿರುವ ಹೆಸರು ವೀರವನಿತೆ ಒನಕೆ ಓಬವ್ವನದು. ಆ ತಾಯಿಯ ಕಥೆಯನ್ನರಿಯದವರು ಈ ಸೀಮೆಯಲ್ಲಿಲ್ಲ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯೊಂದರಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದಾಗ, ಕಾವಲುಗಾರನು ಊಟಕ್ಕೆ ಕುಳಿತಿದ್ದನು. ನೀರು ತರಲು ಹೋದ ಅವನ ಮಡದಿ ಒನಕೆಯನ್ನೆತ್ತಿ ಕೋಟೆಯನ್ನು ಕಾದಳು. ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಅಂಶವೊಂದಿದೆ. ಕಾವಲಿನ ಕಾಯಕಕ್ಕೆ ಅರಮನೆಯಿಂದ ಸಂಬಳ ಪಡೆಯುತ್ತಿದ್ದವನು ಪತಿ. ಆ ಹೊತ್ತಿನಲ್ಲಿ ಕಾವಲಿನ ಕಾಯಕವನ್ನು ಮಾಡಿದವಳು ಸತಿ. ಅವಳ ಹೆಸರು ಯಾವ ಸಂಬಳದ ಪಟ್ಟಿಯಲ್ಲಿಯೂ ಇರಲಿಲ್ಲ. ಲೋಕವು ಅವಳಿಗೆ ಕೀರ್ತಿಯನ್ನು ಕೊಟ್ಟಿತು, 2021ರಿಂದ ನವೆಂಬರ್ 11ನೆಯ ದಿನವನ್ನು ರಾಜ್ಯ ಸರ್ಕಾರವು ಅವಳ ಜಯಂತಿಯನ್ನಾಗಿ ಆಚರಿಸತೊಡಗಿತು. ಇದೆಲ್ಲವೂ ಯುಕ್ತವಾದುದೇ. ಆದರೆ ಹೆಣ್ಣಿಗೆ ಕೀರ್ತಿಯನ್ನು ಧಾರಾಳವಾಗಿ ಕೊಟ್ಟು ಕೂಲಿಯನ್ನು ಮಾತ್ರ ಹಿಡಿದುಕೊಳ್ಳುವ ಅಭ್ಯಾಸವೊಂದು ಸಮಾಜದಲ್ಲಿ ಬೇರೂರಿದೆಯೆಂಬುದನ್ನು ಮರೆಯಲಾಗದು. ಓಬವ್ವನ ಹೆಸರಿನ ಬಯಲಿನಲ್ಲಿ ಇಂದು ಓಡುವ, ಹಾರುವ, ಕಬಡ್ಡಿಯಾಡುವ ಹುಡುಗಿಯರು ನಾಳೆ ಅದನ್ನೇ ಜೀವನದ ಕಾಯಕವನ್ನಾಗಿ ಮಾಡಿಕೊಂಡರೆ ಅವರಿಗೆ ಯಾವ ಕೊಳಗ ಕಾದಿದೆ?

ಆಟವು ಕಾಯಕವಾಗಬಲ್ಲುದೆ ಎಂದು ಹಿರಿಯರು ಕೇಳಬಹುದು. ವಿನೋದಕ್ಕಾಗಿ ಆಡುವ ಆಟದ ಮಾತು ಬೇರೆ. ಬೆಳಗಿನ ಜಾವದಿಂದ ಬೈಗಿನವರೆಗೆ ದೇಹವನ್ನು ದಂಡಿಸಿ, ಆಹಾರ ನಿದ್ರೆಗಳನ್ನು ನಿಯಮದಲ್ಲಿಟ್ಟು, ಗಾಯಗಳನ್ನು ನುಂಗಿಕೊಂಡು, ಹದಿನೈದು ಇಪ್ಪತ್ತು ವರ್ಷಗಳ ಆಯುಷ್ಯವನ್ನು ಒಂದು ವಿದ್ಯೆಗೆ ಮುಡಿಪಾಗಿಡುವವರ ದುಡಿಮೆ ಕಾಯಕವಲ್ಲದೆ ಮತ್ತೇನು? ಅದನ್ನು ನೋಡಿ ನಾಡು ಹರ್ಷಿಸುತ್ತದೆ; ಅದರಿಂದ ಸಂಸ್ಥೆಗಳು ಹಣ ಗಳಿಸುತ್ತವೆ. ಆದುದರಿಂದ ಅದರ ಫಲದ ನ್ಯಾಯವನ್ನೂ ಕಾಯಕದ ನ್ಯಾಯದಿಂದಲೇ ಅಳೆಯತಕ್ಕುದು.

ಈಗಿನ ಸ್ಥಿತಿಯನ್ನು ಕೆಲವು ಅಂಕಿಗಳಿಂದ ತಿಳಿಯಬಹುದು. ಭಾರತದ ಮಹಿಳೆಯರು ತಮ್ಮ ಮೊತ್ತಮೊದಲ ಟೆಸ್ಟ್ ಕ್ರಿಕೆಟ್ ಪಂದ್ಯವನ್ನು ಆಡಿದುದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆ ತಂಡದ ನಾಯಕಿಯಾದ ಶಾಂತಾ ರಂಗಸ್ವಾಮಿಯವರು ಕನ್ನಡ ನಾಡಿನವರೇ. ಅಂದಿನ ಆಟಗಾರ್ತಿಯರು ರೈಲಿನ ಕಾಯ್ದಿರಿಸದ ಡಬ್ಬಿಗಳಲ್ಲಿ ಪಯಣಿಸಿ, ಸಾಮೂಹಿಕ ವಸತಿಗಳ ನೆಲದ ಮೇಲೆ ಮಲಗಿ, ಸಂಭಾವನೆಯ ಮಾತೇ ಇಲ್ಲದೆ ದೇಶಕ್ಕಾಗಿ ಆಡಿದರು. ಅಲ್ಲಿಂದ ನಲವತ್ತಾರು ವರ್ಷಗಳು ಕಳೆದ ಮೇಲೆ, 2022ರ ಅಕ್ಟೋಬರ್ 27ರಂದು, ಭಾರತೀಯ ಕ್ರಿಕೆಟ್ ಮಂಡಳಿಯು ಅಂತರರಾಷ್ಟ್ರೀಯ ಪಂದ್ಯಗಳ ಸಂಭಾವನೆಯನ್ನು ಗಂಡು ಹೆಣ್ಣು ಇಬ್ಬರಿಗೂ ಸಮನಾಗಿ ಘೋಷಿಸಿತು. ಟೆಸ್ಟ್ ಪಂದ್ಯಕ್ಕೆ 15 ಲಕ್ಷ ರೂಪಾಯಿ, ಏಕದಿನ ಪಂದ್ಯಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ. ಇದು ಮೆಚ್ಚತಕ್ಕ ಕಾರ್ಯ. ಆದರೆ ವಾರ್ಷಿಕ ಒಪ್ಪಂದದ ಹಣದಲ್ಲಿ ಹಳೆಯ ಕೊಳಗವೇ ಉಳಿಯಿತು. 2024–25ನೆಯ ಸಾಲಿನ ಪಟ್ಟಿಯಂತೆ ಪುರುಷರಿಗೆ ಶ್ರೇಣಿಗನುಗುಣವಾಗಿ 7 ಕೋಟಿ, 5 ಕೋಟಿ, 3 ಕೋಟಿ, 1 ಕೋಟಿ. ಮಹಿಳೆಯರಿಗೆ 50 ಲಕ್ಷ, 30 ಲಕ್ಷ, 10 ಲಕ್ಷ. ಆ ಸಾಲಿನಲ್ಲಿ ಪುರುಷರ ಕಡೆಯ ಶ್ರೇಣಿಯವನಿಗೆ ಸಂದುದು ಮಹಿಳೆಯರ ಮೊದಲ ಶ್ರೇಣಿಯವಳಿಗೆ ಸಂದುದರ ಎರಡರಷ್ಟು.

ಪಂದ್ಯಕ್ಕೊಂದರಂತೆ ಸಮಾನವಾದ ಹಣ ಕೂಡ ಪಂದ್ಯವೇ ನಡೆಯದಿದ್ದರೆ ಬರಿಯ ಕಾಗದದ ಸಮಾನತೆ. 2014ರ ನವೆಂಬರಿನಲ್ಲಿ ಮೈಸೂರಿನಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಟೆಸ್ಟ್ ಪಂದ್ಯದಲ್ಲಿ ಸೋಲಿಸಿದರು. ಗೆದ್ದವರಿಗೆ ಮುಂದಿನ ಟೆಸ್ಟ್ ದೊರೆತುದು 2021ರ ಜೂನಿನಲ್ಲಿ. ಆರೂವರೆ ವರ್ಷಗಳ ಕಾಲ ಒಂದು ಪಂದ್ಯವೂ ಇಲ್ಲ. ಕೊಳಗವನ್ನು ಸಮನಾಗಿಸಿ ಕಣಜದ ಬಾಗಿಲನ್ನು ಮುಚ್ಚಿದರೆ ಹಸಿವು ಇಂಗುವುದೆ?

ಕ್ರಿಕೆಟ್ಟಿನಿಂದಾಚೆಗೆ, ಹಳ್ಳಿಯ ಮಣ್ಣಿನಲ್ಲಿಯೇ ಹುಟ್ಟಿದ ಆಟಗಳ ಕಥೆ ಇನ್ನೂ ಕಠಿನವಾದುದು. ಕಬಡ್ಡಿಯಲ್ಲಿ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಎಂಬ ಕನ್ನಡತಿಯರು ಏಷ್ಯಾ ಕ್ರೀಡಾಕೂಟಗಳಲ್ಲಿ ದೇಶಕ್ಕೆ ಸ್ವರ್ಣವನ್ನು ತಂದು ಅರ್ಜುನ ಪ್ರಶಸ್ತಿಯನ್ನು ಪಡೆದರು. ಪುರುಷರ ವೃತ್ತಿಪರ ಕಬಡ್ಡಿ ಲೀಗು 2014ರಲ್ಲಿ ಆರಂಭವಾಗಿ ವರ್ಷ ವರ್ಷಕ್ಕೆ ಬೆಳೆಯಿತು. 2018ರ ಹರಾಜಿನಲ್ಲಿ ಒಬ್ಬ ಆಟಗಾರನ ಬೆಲೆ ಒಂದೂವರೆ ಕೋಟಿಯನ್ನು ದಾಟಿತು. ಅದೇ ವ್ಯವಸ್ಥಾಪಕರು ಮಹಿಳೆಯರಿಗಾಗಿ 2016ರಲ್ಲಿ ಮೂರು ತಂಡಗಳ ಒಂದು ಪಂದ್ಯಾವಳಿಯನ್ನು ನಡೆಸಿದರು. ಅದರ ಅಂತಿಮ ಪಂದ್ಯವು ಒಂದೇ ಅಂಕದ ಅಂತರದಲ್ಲಿ ಮುಗಿಯಿತು. ಅಷ್ಟು ರೋಚಕವಾಗಿ ಮುಗಿದ ಪಂದ್ಯಾವಳಿ ಮರುವರ್ಷ ನಡೆಯಲಿಲ್ಲ. ಖೋ ಖೋ ಆಟದಲ್ಲಿಯೂ 2022ರಲ್ಲಿ ಆರಂಭವಾದ ಲೀಗು ಪುರುಷರದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ವಿಶ್ವಕಪ್ಪನ್ನು ಮಾತ್ರ ಭಾರತದ ಪುರುಷರೂ ಮಹಿಳೆಯರೂ ಸರಿಸಮನಾಗಿ ಗೆದ್ದರು. ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಎಂಬ ರೈತಾಪಿ ಕುಟುಂಬದ ತರುಣಿಯೂ ಇದ್ದಳು. ಗೆಲವು ಸಮ, ಗೆದ್ದವರ ಜೀವನೋಪಾಯ ವಿಷಮ.

ಈ ವಿಷಮತೆಯನ್ನು ಸಮರ್ಥಿಸುವವರು ಮೂರು ವಾದಗಳನ್ನು ಹೂಡುವರು. ಮೂರನ್ನೂ ಸಾವಧಾನದಿಂದ ವಿಚಾರ ಮಾಡುವುದು ಯುಕ್ತ.

ಮೊದಲನೆಯದು ದೇಹಬಲದ ವಾದ. ಗಂಡಿನ ಓಟ ಹೆಚ್ಚು ವೇಗ, ಎಸೆತ ಹೆಚ್ಚು ದೂರ. ಆದುದರಿಂದ ಫಲವೂ ಹೆಚ್ಚಿರಲಿ ಎಂಬುದು. ಇದು ಕಾಯವನ್ನು ಅಳೆದು ಕಾಯಕವನ್ನು ಮರೆಯುವ ವಾದ. ಹೆಣ್ಣು ಗಂಡೆಂಬ ಗುರುತು ಹೊರಗಣ ದೇಹದ್ದೆಂದೂ, ಒಳಗಣ ಆತ್ಮಕ್ಕೆ ಅದು ಸೋಂಕದೆಂದೂ ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ಸಾರಿದರು. ಕಲ್ಯಾಣದಲ್ಲಿ ಕದಿರೆ ರೆಮ್ಮವ್ವೆ ನೂಲು ತೆಗೆದಳು. ಕೊಟ್ಟಣದ ಸೋಮಮ್ಮ ಒನಕೆ ಹಿಡಿದು ಭತ್ತ ಕುಟ್ಟಿದಳು. ಸತ್ಯಕ್ಕ ಅಂಗಳವನ್ನು ಗುಡಿಸಿದಳು. ಇವರ ಕಾಯಕವನ್ನು ಶರಣರು ಗಂಡಸರ ಕಾಯಕಕ್ಕಿಂತ ಒಂದು ಗುಲಗಂಜಿ ಕಡಿಮೆಯೆಂದು ಎಣಿಸಿದವರಲ್ಲ. ಇದಲ್ಲದೆ ಆಟದಲ್ಲಿಯೇ ಈ ವಾದ ನಿಲ್ಲುವುದಿಲ್ಲ. ಕುಸ್ತಿಯಲ್ಲಿ ಹಗುರ ತೂಕದ ಪೈಲ್ವಾನನು ಭಾರದ ಪೈಲ್ವಾನನನ್ನು ಕೆಡವಲಾರನು; ಆದರೂ ಅವನ ಚಿನ್ನದ ಪದಕವನ್ನು ಯಾರೂ ಹಿತ್ತಾಳೆಯೆನ್ನುವುದಿಲ್ಲ. ತನ್ನ ತೂಕದವರೊಡನೆ ಸೆಣಸಿ ಗೆದ್ದವನು ಪೂರ್ಣವಾಗಿ ಗೆದ್ದವನೇ. ಹೆಣ್ಣಿಗೆ ಮಾತ್ರ ಆ ನ್ಯಾಯ ಬೇಡವೆ?

ಎರಡನೆಯದು ಮಾರುಕಟ್ಟೆಯ ವಾದ. ಪುರುಷರ ಆಟವನ್ನು ಹೆಚ್ಚು ಜನ ನೋಡುವರು, ಹಣ ಅಲ್ಲಿಂದ ಬರುವುದು, ಬಂದಲ್ಲಿಗೆ ಸಲ್ಲುವುದು ಎಂಬುದು. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗು ಆರಂಭವಾದಾಗ ಒಂದು ತಂಡವು ಆಟಗಾರ್ತಿಯರಿಗಾಗಿ ವ್ಯಯಿಸಬಹುದಾಗಿದ್ದ ಹಣ 12 ಕೋಟಿ. ಅದೇ ವರ್ಷ ಪುರುಷರ ತಂಡದ್ದು 95 ಕೋಟಿ. ಪ್ರೇಕ್ಷಕರ ಹಣದಲ್ಲಿ ವ್ಯತ್ಯಾಸವಿದ್ದುದು ದಿಟ. ಆದರೆ ಆ ವ್ಯತ್ಯಾಸವು ಪ್ರಕೃತಿಸಿದ್ಧವೋ ಮನುಷ್ಯಕೃತವೋ ಎಂಬುದನ್ನು ವಿಚಾರಿಸಬೇಕು.

ಇದಕ್ಕೆ ಹಿರಿಯೂರಿನ ನೆಲವೇ ದೃಷ್ಟಾಂತ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿ 1907ರಲ್ಲಿ ಮುಗಿಸಿದರು; ನಾಡನ್ನು ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಆ ಸಾಗರಕ್ಕೆ ಬಂದಿತು. ಕಾಲುವೆ ಹರಿದ ಕಡೆ ತೆಂಗು, ಬಾಳೆ, ಕಬ್ಬು ಬೆಳೆದುವು. ಕಾಲುವೆ ಮುಟ್ಟದ ಕಡೆ ಹೊಲಗಳು ಮಳೆಗಾಗಿ ಬಾಯ್ದೆರೆದುವು. ಎರಡೂ ಒಂದೇ ಸೀಮೆಯ ಮಣ್ಣು. ಕಾಲುವೆಯ ಹೊಲದವನು ಒಣ ಹೊಲದವನನ್ನು ನೋಡಿ, ‘ನಿನ್ನ ನೆಲಕ್ಕೆ ಬೆಳೆಯುವ ಶಕ್ತಿಯೇ ಇಲ್ಲ’ ಎಂದರೆ ಊರವರು ನಗುವರು. ಪುರುಷರ ಆಟಕ್ಕೆ ಒಂದು ಶತಮಾನದಿಂದ ಮೈದಾನ, ತರಬೇತಿ, ಸಂಜೆಯ ಹೊತ್ತು, ಪ್ರಸಾರ, ಪತ್ರಿಕೆಗಳ ಪುಟ ಎಂಬ ಕಾಲುವೆಗಳನ್ನು ತೋಡಲಾಯಿತು. ಮಹಿಳೆಯರ ಆಟಕ್ಕೆ ತೋಡಲಿಲ್ಲ. ಆಮೇಲೆ ಬೆಳೆ ಕಡಿಮೆಯೆಂದು ದೂರುವುದು ನ್ಯಾಯವಲ್ಲ.

ಕಾಲುವೆ ತೋಡಿದಾಗ ಏನಾಯಿತೆಂಬುದನ್ನು ಲೋಕ ಕಂಡಿದೆ. ಬೆಂಗಳೂರಿನ ಹೆಸರನ್ನು ಹೊತ್ತ ತಂಡಕ್ಕೆ ಪುರುಷರು ಹದಿನಾರು ಆವೃತ್ತಿಗಳಲ್ಲಿ ತರಲಾಗದ ಕಪ್ಪನ್ನು ಮಹಿಳೆಯರು ಎರಡನೆಯ ಆವೃತ್ತಿಯಲ್ಲಿಯೇ, 2024ರ ಮಾರ್ಚಿನಲ್ಲಿ ತಂದರು. ಅಂತಿಮ ಪಂದ್ಯದಲ್ಲಿ ನಾಲ್ಕು ವಿಕೆಟ್ಟುಗಳನ್ನು ಕೆಡವಿ, ಆ ವರ್ಷ ಎಲ್ಲರಿಗಿಂತ ಹೆಚ್ಚು ವಿಕೆಟ್ಟುಗಳನ್ನು ಪಡೆದವಳು ಕರ್ನಾಟಕದ ಶ್ರೇಯಾಂಕಾ ಪಾಟೀಲ. ಹರಾಜಿನಲ್ಲಿ ಅವಳಿಗೆ ಕಟ್ಟಿದ್ದ ಬೆಲೆ 10 ಲಕ್ಷ. ಕಪ್ಪು ಗೆದ್ದ ಆ ಮಹಿಳೆಯರಿಗೆ ಬಹುಮಾನ 6 ಕೋಟಿ. 2025ರಲ್ಲಿ ಅದೇ ಹೆಸರಿನ ಪುರುಷರು ಗೆದ್ದಾಗ 20 ಕೋಟಿ. ಕನ್ನಡಿಗರು ಬೀದಿಗಿಳಿದು ಹರ್ಷಿಸಿದುದು ಎರಡು ಸಲವೂ ಉಂಟು.

ವಿಶ್ವಕ್ರಿಕೆಟ್ ಸಂಸ್ಥೆಯು 2023ರಲ್ಲಿ ಬಹುಮಾನದ ಸಮಾನತೆಯನ್ನು ಒಪ್ಪಿಕೊಂಡಿತು. 2022ರ ಮಹಿಳಾ ವಿಶ್ವಕಪ್ಪಿನಲ್ಲಿ 35 ಲಕ್ಷ ಡಾಲರ್ ಇದ್ದ ಒಟ್ಟು ಬಹುಮಾನ 2025ರಲ್ಲಿ 1 ಕೋಟಿ 38 ಲಕ್ಷ 80 ಸಾವಿರ ಡಾಲರಿಗೆ ಏರಿತು. 2023ರ ಪುರುಷರ ವಿಶ್ವಕಪ್ಪಿನ 1 ಕೋಟಿ ಡಾಲರನ್ನೂ ಮೀರಿತು. ಆ ಕಪ್ಪನ್ನು 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ, ಕಿಕ್ಕಿರಿದ ಕ್ರೀಡಾಂಗಣದಲ್ಲಿ ಗೆದ್ದವರು ಭಾರತದ ಮಹಿಳೆಯರೇ. ಮರುತಿಂಗಳಲ್ಲಿಯೇ ದೇಶದೊಳಗಣ ಪಂದ್ಯಗಳ ಹಿರಿಯ ಆಟಗಾರ್ತಿಯರ ದಿನವೊಂದರ ಸಂಭಾವನೆ 20 ಸಾವಿರದಿಂದ 50 ಸಾವಿರಕ್ಕೆ ಏರಿತು. ನೀರು ಬಂದ ಕಡೆ ಬೆಳೆ ಬಂದಿತು.

ಹಾಗಾದರೆ ನಾಳೆಯೇ ಎಲ್ಲೆಡೆಯೂ ಪೈಸೆಗೆ ಪೈಸೆ ಸಮವಾಗಬೇಕೆಂದು ಕಾಯಕತತ್ತ್ವವು ಹೇಳುವುದೆ? ನೋಡುವವನು ತನ್ನ ಜೇಬಿನಿಂದ ಮೆಚ್ಚಿ ಕೊಡುವ ಹಣವನ್ನು ಯಾರೂ ಅಳೆದು ಹಂಚಲಾರರು. ಅದು ಅವನ ಒಲವಿಗೆ ಸೇರಿದುದು. ಆದರೆ ಸಂಸ್ಥೆಗಳ, ಮಂಡಳಿಗಳ, ಸರ್ಕಾರದ ಕೈಯಲ್ಲಿರುವ ಹಣ ಯಾರೊಬ್ಬರ ಸ್ವಂತವೂ ಅಲ್ಲ. ಅದು ಭಂಡಾರ. ಬಸವಣ್ಣನವರು ಬಿಜ್ಜಳನ ಭಂಡಾರಕ್ಕೆ ಹೇಗೆ ನಿಷ್ಠರಾಗಿದ್ದರೋ ಹಾಗೆ ಭಂಡಾರಿಯಾದವನು ಪಕ್ಷಪಾತವಿಲ್ಲದೆ ಅಳೆಯಬೇಕು. ಮೈದಾನ, ಶಿಕ್ಷಕ, ಊಟ, ಪ್ರಯಾಣ, ವೈದ್ಯ, ಪಂದ್ಯಗಳ ಸಂಖ್ಯೆ, ಸಂಭಾವನೆ, ಬಹುಮಾನ, ಇಷ್ಟನ್ನು ಒಂದೇ ಕೊಳಗದಿಂದ ಅಳೆಯುವುದು ಅವನ ಧರ್ಮ. ಸಮಾನ ಕೆಲಸಕ್ಕೆ ಸಮಾನ ವೇತನವೆಂದು ನಮ್ಮ ಸಂವಿಧಾನವು 39ನೆಯ ಅನುಚ್ಛೇದದಲ್ಲಿ ನಿರ್ದೇಶಿಸಿದುದೂ ಈ ಭಂಡಾರಿಧರ್ಮವನ್ನೇ.

ಮೂರನೆಯ ವಾದವೇ ಭಕ್ತರ ಮನೆಗಳಲ್ಲಿ ಹೆಚ್ಚು ಕೇಳಿಬರುವುದು; ಅದೇ ಹೆಚ್ಚು ಸೂಕ್ಷ್ಮವಾದುದು. ಶರಣಧರ್ಮವು ಆಸೆಯನ್ನು ತೊರೆಯೆಂದಿತು, ದೊರೆತುದರಲ್ಲಿ ತೃಪ್ತಿ ಪಡೆಯೆಂದಿತು. ಹಾಗಿರುವಾಗ ನಮ್ಮ ಹೆಣ್ಣುಮಕ್ಕಳು ಇನ್ನಷ್ಟು ಬೇಕೆಂದು ಕೇಳುವುದು ಆಸೆಯಲ್ಲವೆ ಎಂಬುದು ಆ ವಾದ. ಇದನ್ನು ಹೇಳುವವರು ಆಯ್ದಕ್ಕಿ ಲಕ್ಕಮ್ಮನ ಹೆಸರನ್ನೇ ಸಾಕ್ಷಿಗೆ ತರುವರು. ಆದುದರಿಂದ ಆ ತಾಯಿಯ ಪ್ರಸಂಗವನ್ನೇ ನೆನೆಯಬೇಕು.

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಲಕ್ಕಮ್ಮ ಅಳತೆಯನ್ನು ಹೇಳಿದುದು ಹೆಚ್ಚು ತಂದವನಿಗೆ, ಕಡಿಮೆ ದೊರೆತವರಿಗಲ್ಲ. ಅವಳು ಅದನ್ನು ಹೇಳಿದುದು ತನ್ನ ಮನೆಯಲ್ಲಿ, ತನ್ನ ಪಾಲಿನ ವಿಷಯದಲ್ಲಿ. ನೆರೆಮನೆಯವಳ ಪಾತ್ರೆಯನ್ನು ನೋಡಿ, ‘ನಿನಗೆ ಅಷ್ಟೇ ಸಾಕು’ ಎಂದವಳಲ್ಲ. ತೃಪ್ತಿಯೆಂಬುದು ಪ್ರತಿಯೊಬ್ಬನೂ ತನಗೆ ತಾನೇ ವಿಧಿಸಿಕೊಳ್ಳಬೇಕಾದ ವ್ರತ. ಹೆಚ್ಚು ಹಿಡಿದ ಕೈ ಕಡಿಮೆ ಹಿಡಿದ ಕೈಗೆ ಅದನ್ನು ಬೋಧಿಸಿದರೆ ಆ ಬೋಧೆಯೇ ಆಸೆಯ ಮರೆಮಾತು.

ಇನ್ನೊಂದು ಮಾತು. ಮಾರಯ್ಯನು ತಂದ ಹೆಚ್ಚಿನ ಅಕ್ಕಿ ಅವನ ಕಾಯಕದ ಅಳತೆಗೆ ಮೀರಿದುದು; ಆದುದರಿಂದ ಅದು ಶುದ್ಧವಲ್ಲವೆಂಬುದು ಲಕ್ಕಮ್ಮನ ನಿರ್ಣಯ. ಈ ನಿರ್ಣಯವನ್ನು ತಿರುಗಿಸಿ ನೋಡಬೇಕು. ಒಬ್ಬಳು ದುಡಿದುದಕ್ಕಿಂತ ಕಡಿಮೆ ಪಡೆದಾಗ ಉಳಿದ ಪಾಲು ಮಾಯವಾಗುವುದಿಲ್ಲ. ಅದು ಮತ್ತೊಬ್ಬರ ಕೈಯಲ್ಲಿ ಕಾಯಕಕ್ಕೆ ಮೀರಿದ ಅಕ್ಕಿಯಾಗಿ ಸೇರುತ್ತದೆ. ತನಗೆ ಸಲ್ಲತಕ್ಕುದನ್ನು ಕೇಳುವವಳು ಆ ಕೈಯನ್ನು ಅಶುದ್ಧಿಯಿಂದ ಬಿಡಿಸುವವಳು. ಆದುದರಿಂದ ಸಮಾನ ಫಲವನ್ನು ಕೇಳುವುದು ಆಸೆಯಲ್ಲ, ಅಳತೆಯ ಶುದ್ಧಿ. ಚೆನ್ನೈನ ಸ್ಕ್ವಾಷ್ ಆಟಗಾರ್ತಿ ದೀಪಿಕಾ ಪಲ್ಲಿಕಲ್, ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಮಹಿಳೆಯರಿಗೆ ಪುರುಷರಿಗಿಂತ ಕಡಿಮೆ ಬಹುಮಾನವಿದೆಯೆಂಬ ಕಾರಣದಿಂದ 2012ರಿಂದ 2015ರವರೆಗೆ ಅದರಲ್ಲಿ ಆಡಲಿಲ್ಲ. 2016ರಲ್ಲಿ ಬಹುಮಾನ ಸಮವಾದ ಮೇಲೆ ಬಂದು ಆಡಿ ಗೆದ್ದಳು. ಹಣದ ಆಸೆಯಿದ್ದವಳಾದರೆ ನಾಲ್ಕು ವರ್ಷ ದೊರೆಯುತ್ತಿದ್ದ ಹಣವನ್ನು ಬಿಡುತ್ತಿರಲಿಲ್ಲ. ಬಿಡಬಲ್ಲವರೇ ನ್ಯಾಯವಾಗಿ ಕೇಳಬಲ್ಲರು. ಟೆನಿಸಿನಲ್ಲಿ ಅಮೆರಿಕದ ಮುಕ್ತ ಪಂದ್ಯಾವಳಿ 1973ರಲ್ಲಿ ಸಮಾನತೆಗೆ ಬಂದಿತು. ವಿಂಬಲ್ಡನ್ ಬರಲು 2007 ಆಯಿತು. ಕೇಳುವವರಿಲ್ಲದ ಕಡೆ ಕೊಳಗ ತಾನಾಗಿ ಸರಿಹೋಗುವುದಿಲ್ಲ.

ಮಂಡಳಿಗಳ ಮಾತು ದೂರದ್ದು. ಗೃಹಸ್ಥನ ಅಂಗಳದ ಮಾತು ಹತ್ತಿರದ್ದು. ಹೊಸದುರ್ಗ ಹೊಳಲ್ಕೆರೆಗಳ ಹೊಲ ತೋಟಗಳಲ್ಲಿ ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ ಎಂಬ ಎರಡು ಮಾತುಗಳು ತಲೆಮಾರುಗಳಿಂದ ನಡೆದು ಬಂದುವು. ಸೂರ್ಯೋದಯದಿಂದ ಒಂದೇ ಸಾಲಿನಲ್ಲಿ ಬಾಗಿ ಕಳೆ ತೆಗೆದವರಿಗೆ ಬೈಗಿನಲ್ಲಿ ಎರಡು ಲೆಕ್ಕ. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಲಸಗಳಲ್ಲಿ ಇಬ್ಬರಿಗೂ ಒಂದೇ ಕೂಲಿಯೆಂದಾಗ ಕೆರೆಗಳ ಹೂಳು ಎತ್ತುವುದೇನೂ ನಿಲ್ಲಲಿಲ್ಲ. ಊರಿನ ಜಾತ್ರೆಯಲ್ಲಿ, ಗಣೇಶನ ಹಬ್ಬದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುವಾಗ ಕರಪತ್ರದ ಮೇಲೆ ಮಹಿಳೆಯರ ಪಂದ್ಯಕ್ಕೂ ಪುರುಷರಷ್ಟೇ ಬಹುಮಾನವನ್ನು ಅಚ್ಚು ಹಾಕಿಸುವುದು ದಾನಿಗಳ ಕೈಯಲ್ಲಿಯೇ ಇದೆ. ಅದಕ್ಕೆ ಮುಂಬಯಿಯ ಮಂಡಳಿಯ ಅಪ್ಪಣೆ ಬೇಕಿಲ್ಲ. ಮಠಮಾನ್ಯಗಳ ಶಾಲೆಗಳಲ್ಲಿ ಬಾಲಕರ ತಂಡಕ್ಕೆ ಹೊಸ ಬೂಟು ಬಂದ ದಿನವೇ ಬಾಲಕಿಯರ ತಂಡಕ್ಕೂ ಬರುವಂತೆ ನೋಡಿಕೊಳ್ಳುವುದೂ ದಾಸೋಹವೇ.

ಮನೆಯೊಳಗಣ ಕೊಳಗವನ್ನೂ ಪರೀಕ್ಷಿಸಬೇಕು. ಸಂಜೆ ಮಗನು ಮೈದಾನಕ್ಕೆ ಹೊರಟರೆ, ‘ಆಡಿ ಬಾ’ ಎನ್ನುವ ತಂದೆ ಮಗಳು ಹೊರಟರೆ, ‘ಅವ್ವಗೆ ರೊಟ್ಟಿ ತಟ್ಟಲು ನೆರವಾಗಿ ಹೋಗು’ ಎನ್ನುವನು. ಮಗನಿಗೆ ಹಾಲು ಮೊಟ್ಟಮೊದಲು, ಮಗಳಿಗೆ ಉಳಿದರೆ. ಹತ್ತು ವರ್ಷ ಹೀಗೆ ಅಳೆದ ಮೇಲೆ, ‘ಹೆಣ್ಣಿನ ಆಟದಲ್ಲಿ ಕಸುವಿಲ್ಲ, ನೋಡುವವರಿಲ್ಲ’ ಎಂದು ಲೋಕ ಹೇಳುತ್ತದೆ. ಆ ಮಾತಿನ ಬೀಜ ಬಿತ್ತಿದುದು ಅಡಿಗೆಮನೆಯಲ್ಲಿ. ಇಷ್ಟಲಿಂಗವನ್ನು ಮಗನಿಗೂ ಮಗಳಿಗೂ ಒಂದೇ ಭಕ್ತಿಯಿಂದ ಕಟ್ಟಿಸಿದ ಧರ್ಮ ನಮ್ಮದು. ಲಿಂಗದಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲವೆಂದು ಒಪ್ಪಿದವರು, ಆ ಲಿಂಗವನ್ನು ಧರಿಸಿದ ಎದೆಯ ಉಸಿರು ಮೈದಾನದಲ್ಲಿ ಏರಿದಾಗ ಭೇದವನ್ನೆಣಿಸುವುದು ಹೇಗೆ?

ಕೊಟ್ಟಣದ ಸೋಮಮ್ಮನ ಒನಕೆ ಭತ್ತವನ್ನು ಕುಟ್ಟಿ ದಾಸೋಹಕ್ಕೆ ಅಕ್ಕಿಯನ್ನು ಕೊಟ್ಟಿತು. ಓಬವ್ವನ ಒನಕೆ ಕೋಟೆಯನ್ನು ಕಾದಿತು. ಹಿಡಿದ ಕೈ ಯಾರದೆಂದು ಒನಕೆ ಕೇಳಲಿಲ್ಲ. ಬಿದ್ದ ಪೆಟ್ಟಿನ ಭಾರ ಮಾತ್ರ ಅದಕ್ಕೆ ಗೊತ್ತು. ಕಾಯಕದ ಫಲವನ್ನು ಅಳೆಯುವವರು ಅಷ್ಟನ್ನು ಒನಕೆಯಿಂದ ಕಲಿತರೆ ಸಾಕು. ದುರ್ಗದ ಬಯಲಿಗೆ ಆ ತಾಯಿಯ ಹೆಸರನ್ನಿಟ್ಟು ಕೀರ್ತಿಯ ಸಾಲವನ್ನು ಸಲ್ಲಿಸಿದುದಾಯಿತು; ಅಲ್ಲಿ ಓಡುವ ಮಕ್ಕಳ ಕೂಲಿಯ ಸಾಲ ಇನ್ನೂ ಉಳಿದಿದೆ. ಅದನ್ನು ತೀರಿಸುವುದು ಉಪಕಾರವಲ್ಲ, ಋಣವಿಮೋಚನೆ. ಶರಣರ ಹೆಸರನ್ನು ನಾಲಿಗೆಯ ಮೇಲೆ ಹೊತ್ತ ಭಕ್ತಗೃಹಸ್ಥರು ಆ ಋಣವನ್ನು ಮೊದಲು ತಮ್ಮ ಮನೆಯಲ್ಲಿ, ಆಮೇಲೆ ತಮ್ಮ ಊರಿನಲ್ಲಿ ತೀರಿಸತೊಡಗಲಿ.